ನಂದಾದೇವಿಯ ಪ್ಲುಟೋನಿಯಂ ಮತ್ತು ಬಿಸಿಯ ಲೆಕ್ಕ

ನಂದಾದೇವಿಯಲ್ಲಿ ಕಳೆದುಹೋದ ಪ್ಲುಟೋನಿಯಂ ಯಂತ್ರದ ಸುದ್ದಿ ಹಳೆಯದಾದರೂ ವಾಟ್ಸ್‌ಆ್ಯಪ್‌ನಲ್ಲಿ ಅದರ ಓಡಾಟ ನಿಂತಿಲ್ಲ. ಉತ್ತರಾಖಂಡದಲ್ಲಿ ನೆರೆ ಬಂದಾಗಲೆಲ್ಲ ಅದು ಇನ್ನಷ್ಟು ಉಪ್ಪುಖಾರ ಸೇರಿಸಿಕೊಂಡು ಹೊರಟುಬರುತ್ತದೆ. ಹಿಮದ ಅಡಿಯಲ್ಲಿ ಅಣುಬಾಂಬೊಂದು ಹೂತುಹೋಗಿದೆ, ಅದು ಹಿಮನದಿಯನ್ನು ಒಳಗಿಂದೊಳಗೇ ಕರಗಿಸುತ್ತಿದೆ, ಎಂದಾದರೊಂದು ದಿನ ಸಿಡಿಯುತ್ತದೆ, ಗಂಗೆ ಇಡಿಯಾಗಿ ವಿಷವಾಗುತ್ತದೆ ಎಂಬುದು ಅದರ ಸಾರ. ಯಂತ್ರ ಕಳೆದುಹೋದದ್ದು ನಿಜ, ಅದರಲ್ಲಿ ಪ್ಲುಟೋನಿಯಂ ಇದ್ದದ್ದೂ ನಿಜ. ಮಿಕ್ಕ ಮಾತುಗಳು ಬಹುಮಟ್ಟಿಗೆ ವಿಕಿರಣ ಕ್ಷಯ ಎಂದರೇನು, ಅದರಿಂದ ಬಿಸಿ ಹೇಗೆ ಹುಟ್ಟುತ್ತದೆ ಎಂಬುದರ ಬಗೆಗಿನ ತಪ್ಪು ತಿಳಿವಳಿಕೆಯ ಮೇಲೆ ನಿಂತಿವೆ.

ಮೊದಲು ನಡೆದದ್ದನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1964ರ ಅಕ್ಟೋಬರ್ 16ರಂದು ಚೀನಾ ಷಿನ್‌ಜಿಯಾಂಗ್ ಪ್ರಾಂತದ ಲೋಪ್ ನೂರ್‌ನಲ್ಲಿ ತನ್ನ ಮೊದಲ ಅಣುಬಾಂಬನ್ನು ಪರೀಕ್ಷಿಸಿತು. ಚೀನಾದ ಕ್ಷಿಪಣಿಗಳು ಹಾರಾಟದಲ್ಲಿ ಕಳುಹಿಸುವ ರೇಡಿಯೋ ಸಂಕೇತಗಳನ್ನು ಹಿಡಿಯಬಲ್ಲ ಉಪಕರಣವೊಂದನ್ನು 7,816 ಮೀಟರ್ ಎತ್ತರದ ನಂದಾದೇವಿಯ ಮೇಲೆ ಇಡಬೇಕೆಂದು ಅಮೆರಿಕದ ಸಿಐಎ ಮತ್ತು ನಮ್ಮ ಇಂಟೆಲಿಜೆನ್ಸ್ ಬ್ಯೂರೋ ಕೂಡಿ ಯೋಜನೆ ಹಾಕಿದವು. ಆ ಚಳಿಯಲ್ಲಿ ಬ್ಯಾಟರಿ ಬಾಳುವುದಿಲ್ಲ, ಬದಲಾಯಿಸಲು ಯಾರೂ ಹೋಗುವಂತಿಲ್ಲ. ಆದ್ದರಿಂದ ಪ್ಲುಟೋನಿಯಂನ ಬಿಸಿಯಿಂದ ವಿದ್ಯುತ್ ಉತ್ಪಾದಿಸುವ, ಸ್ನ್ಯಾಪ್-19 ಬಳಗದ ಜನರೇಟರನ್ನು ಆರಿಸಲಾಯಿತು. 1965ರ ಅಕ್ಟೋಬರ್‌ನಲ್ಲಿ ಕ್ಯಾಪ್ಟನ್ ಎಂ. ಎಸ್. ಕೊಹ್ಲಿಯವರ ಮುಂದಾಳುತನದ ತಂಡ ನಾಲ್ಕನೆಯ ಶಿಬಿರದವರೆಗೆ ಅದನ್ನು ಸಾಗಿಸಿತು. ಹೊತ್ತ ಶೆರ್ಪಾಗಳು ಅದರ ಬೆಚ್ಚನೆಯ ಮೈಗೆ ಮನಸೋತು ಅದನ್ನು ತಾವು ಪೂಜಿಸುವ ಬೌದ್ಧ ಗುರುವಿನ ಹೆಸರಿನಿಂದ ‘ಗುರು ರಿಂಪೋಚೆ’ ಎಂದು ಕರೆದರಂತೆ. ಹಿಮಬಿರುಗಾಳಿ ಎದ್ದಿತು, ತಂಡ ಯಂತ್ರವನ್ನು ಬಂಡೆಗೆ ಬಿಗಿದು ಕೆಳಗಿಳಿಯಿತು. ಮರುವರ್ಷ ಹೋಗಿ ನೋಡಿದಾಗ ಅದು ಅಲ್ಲಿರಲಿಲ್ಲ. 1978ರಲ್ಲಿ ಅಮೆರಿಕದ ಪತ್ರಿಕೆಯೊಂದು ವಿಷಯವನ್ನು ಹೊರಗೆಡಹಿದ ಮೇಲೆ ಪ್ರಧಾನಿ ಮೊರಾರ್ಜಿ ದೇಸಾಯಿ ಸಂಸತ್ತಿನಲ್ಲಿ ಅದನ್ನು ಒಪ್ಪಿಕೊಂಡರು. ಅಪಾಯವನ್ನು ಅಳೆಯಲು ಅವರು ನೇಮಿಸಿದ ವಿಜ್ಞಾನಿಗಳ ಸಮಿತಿಯಲ್ಲಿ ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣನವರೂ ಇದ್ದರು.

ಇದು ಬಾಂಬೇ? ಅಲ್ಲ. ಬಾಂಬಿನಲ್ಲಾಗಲಿ ಅಣು ವಿದ್ಯುತ್ ಸ್ಥಾವರದಲ್ಲಾಗಲಿ ನಡೆಯುವುದು ವಿದಳನದ ಸರಪಳಿ ಕ್ರಿಯೆ: ಒಂದು ನ್ಯೂಕ್ಲಿಯಸ್ ಒಡೆದು ಹೊರಬಿದ್ದ ನ್ಯೂಟ್ರಾನ್ ಇನ್ನೊಂದನ್ನು ಒಡೆಯುತ್ತದೆ, ಅದು ಮತ್ತೊಂದನ್ನು. ಕ್ಷಯದಲ್ಲಿ ಅಂಥ ಸಂಬಂಧವೇ ಇಲ್ಲ. ಪ್ರತಿಯೊಂದು ನ್ಯೂಕ್ಲಿಯಸ್ಸೂ ನೆರೆಯದರ ಗೊಡವೆಯಿಲ್ಲದೆ, ತನ್ನ ಪಾಡಿಗೆ ತಾನು ಒಂದು ಆಲ್ಫಾ ಕಣವನ್ನು (ಎರಡು ಪ್ರೋಟಾನ್, ಎರಡು ನ್ಯೂಟ್ರಾನ್‌ಗಳ ಪುಟ್ಟ ಗಂಟು) ಹೊರಚೆಲ್ಲಿ ಬೇರೊಂದು ಧಾತುವಾಗುತ್ತದೆ. ಬಾಂಬಿಗೆ ಬೇಕಾಗುವುದು ಪ್ಲುಟೋನಿಯಂ-239. ಇಂಥ ಜನರೇಟರುಗಳ ಮುಖ್ಯ ಇಂಧನ ಅದೇ ಧಾತುವಿನ ಇನ್ನೊಂದು ಬಗೆ, ಪ್ಲುಟೋನಿಯಂ-238. ಎರಡನೆಯದರ ಪಾಲು ಶೇಕಡಾ 80 ಮೀರಿದ ಪ್ಲುಟೋನಿಯಂ ಅನ್ನು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯು ಬಾಂಬಿಗೆ ಒದಗುವ ವಸ್ತುಗಳ ತಪಾಸಣೆಯಿಂದಲೇ ಹೊರಗಿಟ್ಟಿದೆ. ಅದರ ಬಿಸಿಯೇ ಬಾಂಬು ಮಾಡುವವನಿಗೆ ದೊಡ್ಡ ಅಡ್ಡಿ. ಹೆಸರು ಒಂದೇ ಆದ ಮಾತ್ರಕ್ಕೆ ಗುಣವೂ ಒಂದೇ ಎಂದುಕೊಂಡಿದ್ದರಿಂದ ‘ಹೂತುಹೋದ ಬಾಂಬು’ ಹುಟ್ಟಿಕೊಂಡಿತು.

ಇನ್ನು ಬಿಸಿಗೆ ಬರೋಣ, ನನಗೆ ಬಹಳ ಸೋಜಿಗವೆನಿಸುವ ಭಾಗ ಇದೇ. ಒಂದು ಗ್ರಾಂ ಶುದ್ಧ ಪ್ಲುಟೋನಿಯಂ-238ರಲ್ಲಿ ಒಂದು ಸೆಕೆಂಡಿಗೆ ಸುಮಾರು 63 ಸಾವಿರ ಕೋಟಿ ನ್ಯೂಕ್ಲಿಯಸ್‌ಗಳು ಕ್ಷಯಿಸುತ್ತವೆ. ಒಂದೊಂದರಿಂದಲೂ ಆಲ್ಫಾ ಕಣ ಸೆಕೆಂಡಿಗೆ ಸುಮಾರು 16,000 ಕಿಲೋಮೀಟರ್ ವೇಗದಲ್ಲಿ ಚಿಮ್ಮುತ್ತದೆ. ಅಷ್ಟು ವೇಗವಿದ್ದೂ ಅದು ದೂರ ಹೋಗಲಾರದು. ಘನ ಇಂಧನದಲ್ಲಿ ಮಿಲಿಮೀಟರಿನ ನೂರನೇ ಒಂದು ಪಾಲು ದಾಟುವಷ್ಟರಲ್ಲಿ ಸುತ್ತಲಿನ ಪರಮಾಣುಗಳಿಗೆ ಡಿಕ್ಕಿ ಹೊಡೆದು ನಿಂತುಬಿಡುತ್ತದೆ. ಆ ಡಿಕ್ಕಿಗಳ ಒಟ್ಟು ಫಲವೇ ಬಿಸಿ. ಇಲ್ಲಿ ಏನೂ ಉರಿಯುವುದಿಲ್ಲ, ಆಮ್ಲಜನಕ ಬೇಕಿಲ್ಲ, ಹೊಗೆಯಿಲ್ಲ. ಲೆಕ್ಕ ಹಾಕಿದರೆ ಒಂದು ಗ್ರಾಂಗೆ ಸುಮಾರು 0.57 ವಾಟ್ ಸಿಗುತ್ತದೆ.

ಪ್ಲುಟೋನಿಯಂ ಎಂದೊಡನೆ ಎಲ್ಲರೂ ಹಂಚಿಕೊಳ್ಳುವ ಒಂದು ಚಿತ್ರವಿದೆ: ಕತ್ತಲಲ್ಲಿ ಕೆಂಡದಂತೆ ಕಿತ್ತಳೆಗೆಂಪಾಗಿ ಬೆಳಗುತ್ತಿರುವ ಒಂದು ಗಿಡ್ಡ ಬಿಲ್ಲೆ. ಅದು ವಿಕಿರಣದ ಬೆಳಕೆಂದೇ ಬಹಳ ಜನ ನಂಬಿದ್ದಾರೆ. ಅದು ಬಾಹ್ಯಾಕಾಶ ನೌಕೆಗಳಿಗಾಗಿ ಮಾಡಿದ ಪ್ಲುಟೋನಿಯಂ ಆಕ್ಸೈಡ್ ಬಿಲ್ಲೆ. ತೂಕ ಸುಮಾರು 150 ಗ್ರಾಂ, ಹೊಮ್ಮಿಸುವ ಶಾಖ ಸುಮಾರು 62 ವಾಟ್. ಚಿತ್ರ ತೆಗೆಯುವ ಮುನ್ನ ಅದನ್ನು ಕೆಲವು ನಿಮಿಷಗಳ ಕಾಲ ಗ್ರಾಫೈಟ್ ಹೊದಿಕೆಯಲ್ಲಿ ಮುಚ್ಚಿಟ್ಟಿದ್ದರು. ಶಾಖ ಹೊರಹೋಗಲು ದಾರಿ ಸಿಗದೆ ಬಿಲ್ಲೆ ಕಾದು ಕೆಂಪಾಯಿತು. ಕಮ್ಮಾರನ ಕುಲುಮೆಯ ಕಬ್ಬಿಣ ಕೆಂಪಾಗುವುದಕ್ಕೂ ಇದಕ್ಕೂ ಕಾರಣ ಒಂದೇ. ಶಾಖದ ಪ್ರಮಾಣ ಬೇರೆ, ತಾಪಮಾನ ಬೇರೆ ಎಂಬುದನ್ನು ಮರೆತರೆ ಈ ಚಿತ್ರ ಯಾರನ್ನಾದರೂ ಹಾದಿ ತಪ್ಪಿಸುತ್ತದೆ. ಸರಿಯಾಗಿ ಆರದ ಹುಲ್ಲನ್ನು ಬಯಲಲ್ಲಿ ಹರಡಿದರೆ ತಣ್ಣಗೇ ಇರುತ್ತದೆ. ಅದನ್ನೇ ಬಣವೆ ಒಟ್ಟಿದರೆ ಒಳಗೆ ಕೈಯಿಡಲಾಗದಷ್ಟು ಕಾವೇರುತ್ತದೆ. ಪ್ಲುಟೋನಿಯಂ ಎಷ್ಟು ಶಾಖ ಕೊಡುತ್ತದೆ ಎಂಬುದು ಅದರ ತೂಕಕ್ಕೆ ಕಟ್ಟುಬಿದ್ದದ್ದು. ಅದು ಎಷ್ಟು ಕಾಯುತ್ತದೆ ಎಂಬುದು ನಾವು ಅದನ್ನು ಯಾವುದರೊಳಗೆ ಇಟ್ಟಿದ್ದೇವೆ ಎಂಬುದನ್ನು ಅವಲಂಬಿಸಿದೆ.

ಅರ್ಧಾಯುವಿನ ವಿಷಯದಲ್ಲಂತೂ ಗೊಂದಲಗಳಿಗೆ ಲೆಕ್ಕವಿಲ್ಲ. ಪ್ಲುಟೋನಿಯಂ-238ರ ಅರ್ಧಾಯು, ಅಂದರೆ ಅದರಲ್ಲಿ ಅರ್ಧ ಕ್ಷಯಿಸಲು ಹಿಡಿಯುವ ಕಾಲ, 87.7 ವರ್ಷ. ಅಷ್ಟು ವರ್ಷಕ್ಕೆ ಅರ್ಧ ಹೋದರೆ ಇನ್ನಷ್ಟೇ ವರ್ಷಕ್ಕೆ ಉಳಿದರ್ಧವೂ ಹೋಗುತ್ತದೆ ಎಂದು ಶಾಲೆಯಲ್ಲಿ ಓದಿದವರೂ ಹೇಳುವುದುಂಟು. ಹಾಗಲ್ಲ: ಎರಡನೆಯ ಸುತ್ತಿನಲ್ಲಿ ಹೋಗುವುದು ಉಳಿದದ್ದರ ಅರ್ಧ, ಅಂದರೆ ಕಾಲು ಭಾಗ ಇನ್ನೂ ಇರುತ್ತದೆ. ಪರಮಾಣುಗಳಿಗೆ ಮುಪ್ಪು ಎಂಬುದಿಲ್ಲ. 50 ವರ್ಷ ಹಳೆಯ ಪ್ಲುಟೋನಿಯಂ ಪರಮಾಣು ಮುಂದಿನ ವರ್ಷ ಕ್ಷಯಿಸುವ ಸಂಭವ ಎಷ್ಟೋ, ನಿನ್ನೆ ತಾನೇ ಹುಟ್ಟಿದ ಪರಮಾಣುವಿಗೂ ಅಷ್ಟೇ. 1965ರಲ್ಲಿ ತುಂಬಿದ ಇಂಧನದಲ್ಲಿ 60 ವರ್ಷಗಳ ನಂತರ ಶೇಕಡಾ 62ರಷ್ಟು ಪ್ಲುಟೋನಿಯಂ-238 ಹಾಗೆಯೇ ಇರುತ್ತದೆ, ಬಿಸಿಯೂ ಅದೇ ಪ್ರಮಾಣಕ್ಕೆ ಇಳಿದಿರುತ್ತದೆ. ಅರ್ಧಾಯು ಉದ್ದವಿದ್ದಷ್ಟೂ ವಸ್ತು ಉಗ್ರ ಎಂಬ ಇನ್ನೊಂದು ನಂಬಿಕೆ ಸತ್ಯಕ್ಕೆ ತಲೆಕೆಳಗು. ಪ್ಲುಟೋನಿಯಂ-239ರ ಅರ್ಧಾಯು ಸುಮಾರು 24,100 ವರ್ಷ. ಅದು ನಿಧಾನವಾಗಿ ಕ್ಷಯಿಸುವುದರಿಂದಲೇ ಗ್ರಾಂ ಒಂದಕ್ಕೆ ಅದು ಕೊಡುವ ಬಿಸಿ 238 ಕೊಡುವುದರ ಹೆಚ್ಚುಕಡಿಮೆ 300ನೇ ಒಂದು ಪಾಲು.

ಅರ್ಧಾಯುವಿನಿಂದ ಎಲ್ಲವನ್ನೂ ಅಳೆಯಲು ಹೋಗುವವರೂ ಎಡವುತ್ತಾರೆ. 1977ರಲ್ಲಿ ಹೊರಟ ವಾಯೇಜರ್ ನೌಕೆಗಳಲ್ಲಿ ತಲಾ ಮೂರು ಪ್ಲುಟೋನಿಯಂ ಜನರೇಟರುಗಳಿದ್ದು, ಹೊರಟಾಗ ಒಂದೊಂದು ನೌಕೆಗೂ ಸುಮಾರು 470 ವಾಟ್ ವಿದ್ಯುತ್ ಸಿಗುತ್ತಿತ್ತು. 34 ವರ್ಷಗಳ ನಂತರ, 2011ರಲ್ಲಿ, ಇಂಧನದ ಬಿಸಿ ಶೇಕಡಾ 76ರಷ್ಟು ಉಳಿದಿರಬೇಕಾದಾಗ ವಿದ್ಯುತ್ ಮಾತ್ರ ಸುಮಾರು 268 ವಾಟ್‌ಗೆ, ಅಂದರೆ ಶೇಕಡಾ 57ಕ್ಕೆ ಇಳಿದಿತ್ತು. ಶಾಖವನ್ನು ವಿದ್ಯುತ್ತಾಗಿ ಬದಲಿಸುವ ಥರ್ಮೋಕಪಲ್‌ಗಳು ದಶಕಗಟ್ಟಲೆ ಕಾದು ಸವೆದಿದ್ದವು. ಪ್ಲುಟೋನಿಯಂ ತನ್ನ ಮಾತಿಗೆ ತಪ್ಪಲಿಲ್ಲ.

ಈ ಮಾತಿಗೆ ತಪ್ಪದ ಗುಣವೇ ಕೆಲವೊಮ್ಮೆ ತಲೆನೋವು. ಕ್ಷಯವನ್ನು ಜೋರು ಮಾಡುವ ಗುಂಡಿಯಿಲ್ಲ, ಆರಿಸುವ ಗುಂಡಿಯೂ ಇಲ್ಲ. ಹಿಮದಲ್ಲಿ ಹೂತರೆ ಅದು ತಣಿದು ನಿಲ್ಲುವುದಿಲ್ಲ, ಬೆಂಕಿಗೆ ಹಾಕಿದರೆ ಚುರುಕಾಗುವುದಿಲ್ಲ. 1969ರ ನವೆಂಬರ್‌ನಲ್ಲಿ ಅಪೋಲೋ 12ರ ಗಗನಯಾತ್ರಿಗಳು ಇದನ್ನು ಕೈಯಾರೆ ಕಂಡರು. ಅವರು ಒಯ್ದ ಜನರೇಟರಿನ ಇಂಧನದ ಕೊಳವೆ ಸದಾ ಸುಡುತ್ತಿದ್ದರಿಂದ ಅದನ್ನು ಚಂದ್ರನೌಕೆಯ ಹೊರಮೈಗೆ ಕಟ್ಟಿದ್ದ ಪ್ರತ್ಯೇಕ ಕರಂಡಕದಲ್ಲಿಟ್ಟು, ಚಂದ್ರನ ಮೇಲೆ ಇಳಿದ ನಂತರವೇ ಯಂತ್ರದೊಳಗೆ ಕೂರಿಸಬೇಕಿತ್ತು. ಅಲನ್ ಬೀನ್ ಉದ್ದ ಹಿಡಿಯ ಸಲಕರಣೆಯಿಂದ ಅದನ್ನು ಎಳೆದರೆ ಬರಲೊಲ್ಲದು. ಬಿಸಿಗೆ ಹಿಗ್ಗಿ ಕರಂಡಕದಲ್ಲಿ ಕಚ್ಚಿಕೊಂಡಿತ್ತು. ಕೊನೆಗೆ ಪೀಟ್ ಕಾನ್ರಾಡ್ ಸುತ್ತಿಗೆಯಿಂದ ಕರಂಡಕದ ಪಕ್ಕೆಗೆ ಬಡಿಯುತ್ತ ಹೋದಂತೆ ಅದು ಇಷ್ಟಿಷ್ಟೇ ಸಡಿಲವಾಗಿ ಹೊರಬಂತು. ಕೋಟ್ಯಂತರ ಡಾಲರುಗಳ ಯಾತ್ರೆಯಲ್ಲಿ ಕೈಹಿಡಿದದ್ದು ಸುತ್ತಿಗೆ ಎಂಬುದು ನನಗೆ ಇಂದಿಗೂ ನಗು ತರಿಸುತ್ತದೆ.

ಹಾಗಾದರೆ ನಂದಾದೇವಿಯ ಯಂತ್ರ ಹಿಮನದಿಯನ್ನು ಕರಗಿಸಲಾರದೆ? 2021ರ ಫೆಬ್ರುವರಿ 7ರಂದು ಚಮೋಲಿಯಲ್ಲಿ ಪ್ರವಾಹ ನುಗ್ಗಿ 200ಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು. ಅಲ್ಲಿನ ರೈಣಿ ಗ್ರಾಮದ ಜನ ಈ ಯಂತ್ರದ ಮೇಲೆ ಅನುಮಾನಪಟ್ಟರು. ಕಣ್ಣೆದುರೇ ಊರು ಕೊಚ್ಚಿಹೋದವರ ಅನುಮಾನವನ್ನು ನಾನು ಹಗುರವಾಗಿ ಕಾಣಲಾರೆ. ಸರ್ಕಾರವೇ ದಶಕಕ್ಕೂ ಮಿಕ್ಕಿ ಬಚ್ಚಿಟ್ಟಿದ್ದ ಸಂಗತಿ ಅದು. ಆದರೆ ಲೆಕ್ಕ ಲೆಕ್ಕವೇ. ಯಂತ್ರದ ಶಾಖ 1,000 ವಾಟ್ ಎಂದು ಧಾರಾಳವಾಗಿಯೇ ಹಿಡಿಯೋಣ. ಈ ಬಳಗದ ಜನರೇಟರುಗಳ ಶಾಖ ಇದಕ್ಕಿಂತ ಕಡಿಮೆ. ಅದರಲ್ಲಿ ಒಂದಿಷ್ಟೂ ಪೋಲಾಗದೆ ಎಲ್ಲವೂ ಮಂಜುಗಡ್ಡೆ ಕರಗಿಸುವುದಕ್ಕೇ ಬಳಕೆಯಾದರೂ ವರ್ಷಕ್ಕೆ ಕರಗುವುದು ಸುಮಾರು 95 ಟನ್, ಅಂದರೆ ಪ್ರತಿ ಬದಿಯೂ ಐದು ಮೀಟರಿಗಿಂತ ಕಡಿಮೆಯಿರುವ ಒಂದು ಗಡ್ಡೆ. ಇಂಧನ ಒಂದು ಚೂರೂ ಇಳಿಯಲಿಲ್ಲ ಎಂದುಕೊಂಡರೂ 55 ವರ್ಷಕ್ಕೆ ಇದು 6,000 ಘನ ಮೀಟರ್ ಮುಟ್ಟುವುದಿಲ್ಲ. ಆ ದಿನ ಕುಸಿದದ್ದು ಸುಮಾರು 2.7 ಕೋಟಿ ಘನ ಮೀಟರ್ ಬಂಡೆ ಮತ್ತು ಹಿಮ, ಅದರಲ್ಲೂ ಸುಮಾರು ಐದನೇ ನಾಲ್ಕು ಪಾಲು ಬಂಡೆ. ಅದು ಕಳಚಿಬಿದ್ದದ್ದು ನಂದಾದೇವಿಯಿಂದಲ್ಲ, ರೋಂಟಿ ಎಂಬ ಬೇರೆಯೇ ಶಿಖರದ ಮಗ್ಗುಲಿಂದ. ನಡುಹಗಲಿನಲ್ಲಿ ಒಂದು ಚದರ ಮೀಟರ್ ಇಳಿಜಾರಿನ ಮೇಲೆ ಬೀಳುವ ಬಿಸಿಲೇ ಹೆಚ್ಚುಕಡಿಮೆ 1,000 ವಾಟ್ ಇರುತ್ತದೆ; ಅದರ ಬಹುಪಾಲನ್ನು ಹಿಮ ಹಿಂದಕ್ಕೆ ಚೆಲ್ಲುತ್ತದೆ, ನಿಜ, ಆದರೆ ಆ ಪರ್ವತದಲ್ಲಿ ಅಂಥ ಚದರ ಮೀಟರುಗಳು ಎಷ್ಟಿವೆ ಎಂಬುದನ್ನೂ ನೆನೆಯಬೇಕು.

ವಿಷದ ಭಯಕ್ಕೆ ಮಾತ್ರ ಆಧಾರವಿದೆ, ಅದನ್ನು ತಳ್ಳಿಹಾಕುವುದು ಇನ್ನೊಂದು ಬಗೆಯ ತಪ್ಪು. ಆಲ್ಫಾ ಕಣವನ್ನು ಒಂದು ಹಾಳೆ ಕಾಗದವೇ ತಡೆಯುತ್ತದೆ, ಮೈಮೇಲಿನ ಸತ್ತ ಚರ್ಮವೂ ತಡೆಯುತ್ತದೆ. ಅದೇ ಪ್ಲುಟೋನಿಯಂ ಸಣ್ಣ ಧೂಳಾಗಿ ಉಸಿರಿನೊಡನೆ ಒಳಹೋದರೆ ಕಣಗಳ ಪೂರ್ತಿ ಶಕ್ತಿ ಶ್ವಾಸಕೋಶದ ಜೀವಕೋಶಗಳ ಮೇಲೆಯೇ ಬೀಳುತ್ತದೆ. 1964ರ ಏಪ್ರಿಲ್‌ನಲ್ಲಿ ಅಮೆರಿಕದ ಉಪಗ್ರಹವೊಂದು ಕಕ್ಷೆ ಸೇರದೆ ವಾತಾವರಣದಲ್ಲಿ ಉರಿದುಹೋದಾಗ ಅದರ ಸ್ನ್ಯಾಪ್-9ಎ ಜನರೇಟರಿನ ಸುಮಾರು ಒಂದು ಕಿಲೋ ಪ್ಲುಟೋನಿಯಂ ಆಕಾಶದಲ್ಲಿ ಚದುರಿ ಜಗತ್ತಿನೆಲ್ಲೆಡೆ ಇಳಿಯಿತು. ಎತ್ತರದಲ್ಲಿ ಚದುರಿಹೋಗಲಿ ಎಂಬುದೇ ಆಗಿನ ವಿನ್ಯಾಸವಾಗಿತ್ತು! ಆ ನಂತರ ಎಂಜಿನಿಯರುಗಳು ದಿಕ್ಕು ಬದಲಿಸಿ, ಏನೇ ಆದರೂ ಇಂಧನ ಇಡಿಯಾಗಿ ಕೆಳಗೆ ಬೀಳುವಂತೆ ಕವಚಗಳನ್ನು ರೂಪಿಸಿದರು. 1968ರಲ್ಲಿ ನಿಂಬಸ್ ಉಪಗ್ರಹದ ಉಡಾವಣೆ ವಿಫಲವಾದಾಗ ಅದರ ಸ್ನ್ಯಾಪ್-19 ಇಂಧನವನ್ನು ಕ್ಯಾಲಿಫೋರ್ನಿಯಾದ ಕರಾವಳಿಯ ಸಮುದ್ರತಳದಿಂದ ಇಡಿಯಾಗಿ ಮೇಲೆತ್ತಿ ಮತ್ತೆ ಬಳಸಿಕೊಂಡರು. ಆದ್ದರಿಂದ ನಂದಾದೇವಿಯ ಬಗ್ಗೆ ಕೇಳಬೇಕಾದ ಪ್ರಶ್ನೆ ಬಿಸಿಯದ್ದಲ್ಲ. ಚಲಿಸುವ ಹಿಮ ಮತ್ತು ಬಂಡೆಗಳ ಅರೆತಕ್ಕೆ ಸಿಕ್ಕ ಕವಚ ಎಷ್ಟು ಕಾಲ ತಡೆದೀತು ಎಂಬುದು. ನದಿಯ ನೀರು ಮತ್ತು ಮರಳನ್ನು ಆಗಾಗ ಪರೀಕ್ಷಿಸಿ ಫಲಿತಾಂಶವನ್ನು ಬಹಿರಂಗವಾಗಿ ಪ್ರಕಟಿಸಬೇಕೆಂದು ಕೇಳುವುದು ಪೂರ್ತಿ ನ್ಯಾಯವಾದ ಬೇಡಿಕೆ.

ಭಯದ ಇನ್ನೊಂದು ಮಗ್ಗುಲಲ್ಲಿ ಅತಿಯಾಸೆಯೂ ಇದೆ: ಇಷ್ಟು ಸುಲಭವಾದರೆ ಮನೆಗೊಂದು ಪ್ಲುಟೋನಿಯಂ ಪೆಟ್ಟಿಗೆ ಏಕಿರಬಾರದು? ಮಂಗಳನ ಮೇಲಿರುವ ಕ್ಯೂರಿಯಾಸಿಟಿ ವಾಹನ 4.8 ಕಿಲೋ ಪ್ಲುಟೋನಿಯಂ ಆಕ್ಸೈಡಿನ ಸುಮಾರು 2,000 ವಾಟ್ ಶಾಖದಿಂದ ಆರಂಭದಲ್ಲಿ ಪಡೆದದ್ದು ಬರೀ 110 ವಾಟ್ ವಿದ್ಯುತ್. ಒಂದು ಮನೆಗೆ ಒಂದು ಕಿಲೋವಾಟ್ ಬೇಕೆಂದರೂ ಸುಮಾರು 30 ಕಿಲೋ ಶುದ್ಧ ಪ್ಲುಟೋನಿಯಂ-238 ಬೇಕಾಗುತ್ತದೆ. ಚಿಕ್ಕ ಕೆಲಸಗಳಿಗೆ ಅದು ಹೊಂದಿಕೊಳ್ಳುತ್ತದೆ. 1970ರ ದಶಕದಲ್ಲಿ ಹೃದಯದ ಪೇಸ್‌ಮೇಕರ್‌ಗಳಲ್ಲೂ ಅದರ ಒಂದು ಗ್ರಾಂಗೂ ಕಡಿಮೆಯ ತುಣುಕನ್ನು ಬಳಸಿದ್ದರು.

ಚಂದ್ರಯಾನ-3ರ ವಿಕ್ರಮ್ ಮತ್ತು ಪ್ರಜ್ಞಾನ್ 2023ರ ಸೆಪ್ಟೆಂಬರ್‌ನಲ್ಲಿ ಚಂದ್ರನ ರಾತ್ರಿ ಕಳೆದು ಏಳದೆ ಹೋದಾಗಲೂ ಬೆಂಗಳೂರಿನಲ್ಲಿ ಇದೇ ಪ್ರಶ್ನೆ ಕೇಳಿಬಂತು: ಒಂದಿಷ್ಟು ಪ್ಲುಟೋನಿಯಂ ಇಟ್ಟಿದ್ದರೆ ಆಗುತ್ತಿರಲಿಲ್ಲವೇ? ನಮ್ಮವರು ಆ ವಿದ್ಯೆಗೆ ಕೈಹಾಕದೆ ಇರಲಿಲ್ಲ. ವಿಕ್ರಮ್ ಅನ್ನು ಚಂದ್ರನ ಕಕ್ಷೆಯವರೆಗೆ ಒಯ್ದ ಪ್ರೊಪಲ್ಷನ್ ಮಾಡ್ಯೂಲ್‌ನಲ್ಲಿ ತಲಾ ಒಂದು ವಾಟ್‌ನ ಎರಡು ವಿಕಿರಣ ಶಾಖ ಘಟಕಗಳಿದ್ದವು. ತೂಕ ಹೆಚ್ಚುತ್ತದೆಂಬ ಕಾರಣಕ್ಕೆ ರೋವರ್‌ನಲ್ಲಿ ಇಡಲಿಲ್ಲ. ಪ್ಲುಟೋನಿಯಂ-238 ಅಂಗಡಿಯಲ್ಲಿ ಸಿಗುವ ಸರಕೂ ಅಲ್ಲ. ನೆಪ್ಚೂನಿಯಂ-237 ಅನ್ನು ರಿಯಾಕ್ಟರಿನಲ್ಲಿಟ್ಟು ನ್ಯೂಟ್ರಾನ್ ಉಣಿಸಿ, ಆಮೇಲೆ ರಾಸಾಯನಿಕವಾಗಿ ಬೇರ್ಪಡಿಸಿ ಪಡೆಯಬೇಕು. ಅಮೆರಿಕವೇ 1988ರಲ್ಲಿ ಉತ್ಪಾದನೆ ನಿಲ್ಲಿಸಿ, 1990ರ ದಶಕದಿಂದ ರಷ್ಯಾದ ಮುಂದೆ ಕೈಯೊಡ್ಡಿತ್ತು. ಸುಮಾರು ಮೂರು ದಶಕಗಳ ನಂತರ, 2015ರಲ್ಲಿ, ಓಕ್ ರಿಜ್ ಪ್ರಯೋಗಾಲಯ ಹೊಸದಾಗಿ ತಯಾರಿಸಿದ ಮೊದಲ ಕಂತು 50 ಗ್ರಾಂ. ಅದರ ಬಿಸಿ 30 ವಾಟ್‌ಗೂ ಕಡಿಮೆ.