ಉತ್ತರ ಕೊಟ್ಟದ್ದು ಯಾರು?

ಈ ವಾರ ಮಂಗಳೂರಿನ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಲಿನಕ್ಸ್ ಕಂಪ್ಯೂಟರುಗಳನ್ನು ಎಲ್‌ಡಿಎಪಿ ಡೈರೆಕ್ಟರಿಗೆ, ಅಂದರೆ ಎಲ್ಲರ ಖಾತೆಗಳನ್ನು ಸರ್ವರಿನಲ್ಲಿ ಒಂದೇ ಕಡೆ ಇಡುವ ಪಟ್ಟಿಗೆ, ಜೋಡಿಸುವ ಕೆಲಸ ನಡೆಯಿತು. ಪುತ್ತೂರಿನಿಂದ ಬರುವ ಹುಡುಗನಾಗಲಿ, ಮೂಲ್ಕಿಯಿಂದ ಬರುವ ಹುಡುಗಿಯಾಗಲಿ, ಯಾವ ಯಂತ್ರದ ಮುಂದೆ ಕುಳಿತರೂ ಅದೇ ಪಾಸ್‌ವರ್ಡಿಗೆ ತಮ್ಮದೇ ಫೋಲ್ಡರು ತೆರೆಯಬೇಕೆಂಬುದು ಉದ್ದೇಶ. ಗುತ್ತಿಗೆಯ ತಂತ್ರಜ್ಞರು ಆ ಡೈರೆಕ್ಟರಿಯನ್ನು ಕೇಳಿ ಉತ್ತರ ತರುವ ಎಸ್‌ಎಸ್‌ಎಸ್‌ಡಿ ತಂತ್ರಾಂಶ ಹಾಕಿ, ಸರ್ವರಿನ ವಿಳಾಸ ಬರೆದು, ಪರೀಕ್ಷೆಗೆಂದು ಒಂದು ಹೆಸರನ್ನು ಖಾತೆಯ ವಿವರ ತೋರಿಸುವ 'ಐಡಿ' ಆಜ್ಞೆಗೆ ಕೊಟ್ಟರು. ಖಾತೆಯ ಸಂಖ್ಯೆ, ಗುಂಪು ಎಲ್ಲವೂ ತೆರೆಯ ಮೇಲೆ ಬಂದವು.

ಡಿಪ್ಲೊಮಾ ಮುಗಿಸಿ ಈಚೆಗೆ ಸೇರಿದ ನಮ್ಮ ಲ್ಯಾಬ್ ಸಹಾಯಕಿ ಹಿಂದಿನಿಂದ ಕೇಳಿದಳು: "ಸರ್, ಉತ್ತರ ಬಂತು. ಆದರೆ ಅದನ್ನು ಕೊಟ್ಟದ್ದು ಯಾರು?"

"ಹೆಸರು ಸಿಕ್ಕಿತಲ್ಲ ಮಾರಾಯ್ತಿ, ಇನ್ನೆಂತ ಬೇಕು?" ಎಂದರು ತಂತ್ರಜ್ಞರು.

ಆ ಮಾತಿನಲ್ಲಿದ್ದ ಅಸಡ್ಡೆ ನನಗೆ ಹಿಡಿಸಲಿಲ್ಲ. ಅವಳ ಪ್ರಶ್ನೆ ಮಾತ್ರ ಇಂದಿಗೂ ಕಿವಿಯಲ್ಲಿದೆ. ಹೆಸರನ್ನು ಎಲ್ಲೆಲ್ಲಿ ಹುಡುಕಬೇಕೆಂದು ಹೇಳುವ, ನಮ್ಮ ಯಂತ್ರಗಳ ಎನ್‌ಎಸ್‌ಸ್ವಿಚ್ ಕಡತದಲ್ಲಿ ಮೊದಲು ಸ್ಥಳೀಯ ಪಟ್ಟಿ, ಆಮೇಲೆ ಡೈರೆಕ್ಟರಿ ಎಂಬ ಕ್ರಮವಿದೆ. ಅದೇ ಹೆಸರಿನ ಖಾತೆಯೊಂದು ಯಂತ್ರದೊಳಗೇ ಇದ್ದರೆ, ಸರ್ವರಿನ ಸಂಪರ್ಕವೇ ಇಲ್ಲದಿದ್ದರೂ ಉತ್ತರ ಬರುತ್ತದೆ. ಅವಳು ಹೆಸರು ಹುಡುಕುವ 'ಗೆಟ್‌ಎಂಟ್' ಆಜ್ಞೆಗೆ, ಸ್ಥಳೀಯ ಪಟ್ಟಿ ಬಿಟ್ಟು ಎಸ್‌ಎಸ್‌ಎಸ್‌ಡಿ ಒಂದನ್ನೇ ಕೇಳುವಂತೆ ಸೂಚಿಸಿದಳು. ಏನೂ ಬರಲಿಲ್ಲ; ಮೊದಲ ಉತ್ತರ ಯಂತ್ರದೊಳಗಿನ ಖಾತೆಯದ್ದೇ ಆಗಿತ್ತು. ಹಾಗೆಯೇ ಬಿಟ್ಟಿದ್ದರೆ ಸ್ಥಳೀಯ ಖಾತೆಯ ಸಂಖ್ಯೆಯೂ ಡೈರೆಕ್ಟರಿಯ ಸಂಖ್ಯೆಯೂ ಬೇರೆಯಾಗಿ, ಜಾಲದಲ್ಲಿ ಕಡತ ಹಂಚುವ ಎನ್‌ಎಫ್‌ಎಸ್ ಮೂಲಕ ತೆರೆಯುವ ಫೋಲ್ಡರುಗಳಲ್ಲಿ ಒಬ್ಬರ ಕಡತ ಇನ್ನೊಬ್ಬರದ್ದಾಗಿ ತೋರುವ ಸಾಧ್ಯತೆಯಿತ್ತು; ಅಲ್ಲಿ ಒಡೆತನ ನಿರ್ಧಾರವಾಗುವುದು ಸಂಖ್ಯೆಯಿಂದ.

ಡೈರೆಕ್ಟರಿಯಿಂದ ಉತ್ತರ ಬಾರದ್ದಕ್ಕೆ ಕಾರಣ, ಸರ್ವರಿನ ಗುರುತು ಸಾಬೀತುಪಡಿಸುವ ಪ್ರಮಾಣಪತ್ರವನ್ನು ಯಂತ್ರ ನಂಬದೇ ಇದ್ದದ್ದು. ತಂತ್ರಜ್ಞರು ಪ್ರಮಾಣಪತ್ರದ ತಪಾಸಣೆಯನ್ನೇ ನಿಲ್ಲಿಸಿಬಿಡೋಣ ಎಂದರು. ಆಗ ನನಗೆ ಅವಳ ಪ್ರಶ್ನೆಯ ಪೂರ್ತಿ ಆಳ ತಿಳಿಯಿತು. ತಪಾಸಣೆ ನಿಲ್ಲಿಸಿದರೆ ನಮ್ಮ ಸರ್ವರಿನ ಜಾಗದಲ್ಲಿ ಯಾರು ನಿಂತು ಉತ್ತರಿಸಿದರೂ ಯಂತ್ರ ಒಪ್ಪುತ್ತದೆ, ಮಕ್ಕಳ ಪಾಸ್‌ವರ್ಡನ್ನು ಅವರ ಕೈಗೇ ಒಪ್ಪಿಸುತ್ತದೆ. ನಾನು ಒಪ್ಪಲಿಲ್ಲ. ಪ್ರಮಾಣಪತ್ರಕ್ಕೆ ಸಹಿ ಹಾಕಿದ ಮೂಲ ಪ್ರಮಾಣಪತ್ರವನ್ನು ಪ್ರತಿ ಯಂತ್ರಕ್ಕೂ ಹಾಕಿಸಿದ ಮೇಲೆ ಡೈರೆಕ್ಟರಿಯಿಂದಲೇ ಉತ್ತರ ಬಂತು.

ಅವಳು ಅಷ್ಟಕ್ಕೂ ಬಿಡಲಿಲ್ಲ. ಎಸ್‌ಎಸ್‌ಎಸ್‌ಡಿ ಒಮ್ಮೆ ಪಡೆದ ಉತ್ತರವನ್ನು ಸಾಮಾನ್ಯವಾಗಿ 5400 ಸೆಕೆಂಡು, ಅಂದರೆ ಒಂದೂವರೆ ಗಂಟೆ, ತನ್ನಲ್ಲೇ ಇಟ್ಟುಕೊಂಡು ಅದನ್ನೇ ಕೊಡುತ್ತಿರುತ್ತದೆ. ಆದ್ದರಿಂದ ಆ ಸಂಗ್ರಹವನ್ನು ಅಳಿಸಿ ಮತ್ತೆ ಕೇಳಿದಳು. ಕಾಲೇಜುಗಳಲ್ಲಿ ಇಂಥ ಶ್ರದ್ಧೆಯನ್ನು ಹಟವೆಂದು ಕರೆಯುವವರೇ ಹೆಚ್ಚು. ವಯಸ್ಸು, ಹುದ್ದೆ ನೋಡಿ ಪ್ರಶ್ನೆಯ ತೂಕ ಅಳೆಯುವ ಈ ಅಭ್ಯಾಸದಿಂದ ಎಷ್ಟು ದೋಷಗಳು ಮುಚ್ಚಿಹೋಗಿವೆಯೋ ಎಂದು ಯೋಚಿಸಿದರೆ ನನಗೆ ಸಂಕಟವಾಗುತ್ತದೆ.

ಕೆಲಸ ಮುಗಿದ ವರದಿಯಲ್ಲಿ ಗುತ್ತಿಗೆದಾರರದ್ದು ಮತ್ತು ವಿಭಾಗ ಮುಖ್ಯಸ್ಥರದ್ದು ಮಾತ್ರ ಸಹಿಯ ಜಾಗವಿತ್ತು. ಪರೀಕ್ಷಿಸಿದವರ ಸಹಿಗೆ ಇನ್ನೊಂದು ಸಾಲು ಸೇರಿಸಿ, ಅಲ್ಲಿ ಅವಳ ಹೆಸರು ಬರೆದು ಕಳುಹಿಸಿದ್ದೇನೆ.