ನೋಡುವವರು ಯಾರೋ ಇರಬೇಕಲ್ಲ

ನನ್ನ ಎಡಗಣ್ಣಿನ ರೆಪ್ಪೆಯ ಊತ ಇನ್ನೂ ಪೂರ್ತಿ ಇಳಿದಿಲ್ಲ. ಈ ವಾರ ಕಚೇರಿಯಲ್ಲಿ ಎದುರಾದವರೆಲ್ಲ ಏನಾಯಿತು ಎಂದು ಕೇಳಿದರು. ಜೇನು ಕಚ್ಚಿತು ಎಂದು ಹೇಳಿ ಮುಗಿಸಿದೆ. ಸರಿಯಾಗಿ ಹೇಳಬೇಕೆಂದರೆ ಆಕಾಶದಿಂದ ಶುರುಮಾಡಬೇಕು, ಅಷ್ಟು ಕೇಳುವ ತಾಳ್ಮೆ ಊಟದ ಬಿಡುವಿನಲ್ಲಿ ಯಾರಿಗಿದೆ?

ಶನಿವಾರ ಸಂಜೆ ಸುಳ್ಯದ ಹತ್ತಿರದ ದೊಡ್ಡಮ್ಮನ ಮನೆಯಲ್ಲಿ ಕರೆಂಟ್ ಹೋಯಿತು. ಒಳಗಿನ ಸೆಕೆ ತಡೆಯಲಾರದೆ ಅಂಗಳಕ್ಕೆ ಬಂದು, ಒಣಹಾಕಿದ ಅಡಿಕೆಯನ್ನು ಸ್ವಲ್ಪ ಸರಿಸಿ, ಜಾಗ ಮಾಡಿಕೊಂಡು ಕುಳಿತೆವು. ದೊಡ್ಡಮ್ಮ, ನಾನು, ಅಣ್ಣನ ಮಗ ಪುಟ್ಟ. ಏಳು ಗಂಟೆ ದಾಟಿತ್ತು. ತೋಟದ ತುದಿಯಿಂದ ದೀಪಗಳ ಸಾಲೊಂದು ಎದ್ದು ನಮ್ಮ ನೆತ್ತಿಯ ಕಡೆಗೆ ಬರತೊಡಗಿತು. ಸದ್ದಿಲ್ಲ. ಒಂದರ ಹಿಂದೆ ಒಂದು, ಯಾವ ಅವಸರವೂ ಇಲ್ಲ. ನಾನು ಎಣಿಸಿದ್ದು ಇಪ್ಪತ್ತೊಂದು, ಹುಡುಗನ ಲೆಕ್ಕದಲ್ಲಿ ಇಪ್ಪತ್ತೆರಡು. ದೊಡ್ಡಮ್ಮ ಎಣಿಸಲು ಹೋಗಲಿಲ್ಲ. ಹಿಂದೆಲ್ಲ ಭೂತದ ಕೋಲ ನೋಡಲು ಹೋಗುವವರು ಉರಿಯುವ ಸೂಟೆ ಹಿಡಿದು ಗುಡ್ಡ ಇಳಿಯುವಾಗ ಹೀಗೆಯೇ ಕಾಣುತ್ತಿತ್ತು ಎಂದರು. ಆಮೇಲೆ ಕೇಳಿದರು:

"ಅದರೊಳಗೆ ಯಾರಿದ್ದಾರೆ?"

"ಯಾರೂ ಇಲ್ಲ ಅಜ್ಜಿ. ಸ್ಟಾರ್‌ಲಿಂಕ್ ಅದು. ಇಂಟರ್ನೆಟ್ ಕೊಡುವ ಮೆಷಿನ್."

"ಯಾರೂ ಇಲ್ಲದೆ, ಒಂದಕ್ಕೊಂದು ಹೊಡೆದುಕೊಳ್ಳದೆ ಹೇಗೆ ಹೋಗುತ್ತವೆ?"

"ಅವೇ ನೋಡಿಕೊಂಡು ಹೋಗುತ್ತವೆ."

"ನೋಡಿಕೊಂಡು ಹೋಗುತ್ತವೆ ಎಂದಮೇಲೆ ನೋಡುವವರು ಯಾರೋ ಇರಬೇಕಲ್ಲ."

ಹುಡುಗ ನಕ್ಕ. ನಾನೂ ನಕ್ಕೆ. ಅಷ್ಟರಲ್ಲಿ ದೀಪಗಳು ಪೂರ್ವದ ಕಡೆಗೆ ಹೋಗಿ, ಮುಂದಿನದರಿಂದ ಶುರುವಾಗಿ ಒಂದೊಂದಾಗಿ ಭೂಮಿಯ ನೆರಳಿನಲ್ಲಿ ಆರಿಹೋದವು. ದೊಡ್ಡಮ್ಮ ನಗಲಿಲ್ಲ, ಬೇಸರವನ್ನೂ ಮಾಡಿಕೊಳ್ಳಲಿಲ್ಲ. ಕೊನೆಯದು ಆರುವವರೆಗೂ ಕತ್ತೆತ್ತಿ ನೋಡುತ್ತಲೇ ಇದ್ದರು.

ಆ ನಗು ನನಗೆ ಈಗ ಇರಿಸುಮುರಿಸು. ಹುಡುಗನದು ಬಿಡಿ, ಮಂಗಳೂರಿನಲ್ಲಿ ಎಂಜಿನಿಯರಿಂಗ್ ಎರಡನೆಯ ವರ್ಷ. ಗೊತ್ತಿಲ್ಲ ಎಂಬ ಮಾತು ಅವನ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ. ಆ ಉಪಗ್ರಹಗಳು ಎದುರಿಗೆ ಬರುವ ಅಪಾಯವನ್ನು ಲೆಕ್ಕ ಹಾಕಿ, ಯಾರ ಅಪ್ಪಣೆಗೂ ಕಾಯದೆ ಪಕ್ಕಕ್ಕೆ ಸರಿಯುತ್ತವೆ ಎಂದು ಅವನು ವಿವರಿಸಿದ್ದು ಸರಿಯಾಗಿಯೇ ಇತ್ತು. ಆದರೆ ಆ ವಿವರಣೆ ದೊಡ್ಡಮ್ಮನ ಪ್ರಶ್ನೆಗೆ ಉತ್ತರವಾಗಿರಲಿಲ್ಲ. ಅದು ಅವರ ಪ್ರಶ್ನೆಯನ್ನೇ ಇನ್ನಷ್ಟು ಗಟ್ಟಿ ಮಾಡುತ್ತಿತ್ತು. ಅಪಾಯ ಕಂಡು ಯಾರನ್ನೂ ಕೇಳದೆ ಪಕ್ಕಕ್ಕೆ ಸರಿಯುವುದನ್ನು ನಾವು ಬೇರೆ ಕಡೆ ಏನೆಂದು ಕರೆಯುತ್ತೇವೆ?

ಇದೇ ಮನೆಯಲ್ಲಿ, ಹೋದ ಡಿಸೆಂಬರಿನಲ್ಲಿ, ಹುಡುಗನ ಅಪ್ಪ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ದಿನಕ್ಕೆ ನಾಲ್ಕು ವಿಡಿಯೊ ಹಾಕುತ್ತಿದ್ದ. 3ಐ ಅಟ್ಲಾಸ್ ಎಂಬುದು ಧೂಮಕೇತು ಅಲ್ಲ, ಬೇರೆ ಲೋಕದವರ ನೌಕೆ, ಮುಚ್ಚಿಡುತ್ತಿದ್ದಾರೆ ಎಂದು. ಅಣ್ಣ ಒಳ್ಳೆಯವನು, ಆದರೆ ಯಾರೋ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂಬ ಗುಮಾನಿ ಇಲ್ಲದಿದ್ದರೆ ಅವನಿಗೆ ಊಟ ಸೇರುವುದಿಲ್ಲ. ಅದು ಚಿಲಿಯ ದೂರದರ್ಶಕಕ್ಕೆ ಮೊದಲು ಕಂಡದ್ದು 2025ರ ಜುಲೈ 1ರಂದು. ಸೌರಮಂಡಲದ ಹೊರಗಿನಿಂದ ಬಂದದ್ದೆಂದು ನಮಗೆ ಗೊತ್ತಾದ ಮೂರನೆಯ ಅತಿಥಿ. ಧೂಮಕೇತುವಿನಂತೆಯೇ ಅನಿಲ, ದೂಳು ಉಗುಳುತ್ತ ಡಿಸೆಂಬರ್ 19ಕ್ಕೆ ಭೂಮಿಯಿಂದ ಸುಮಾರು 27 ಕೋಟಿ ಕಿಲೋಮೀಟರ್ ದೂರದಲ್ಲಿ ಹಾದು, ತನ್ನ ಪಾಡಿಗೆ ಹೋಯಿತು. ಅದಕ್ಕೂ ಮೊದಲು, 2017ರಲ್ಲಿ, ಅಂಥ ಮೊದಲ ಅತಿಥಿ ಔಮುವಾಮುವಾ ಬಂದಾಗ ಅದಕ್ಕೆ ಬಾಲವೇ ಕಾಣಲಿಲ್ಲ, ಆದರೂ ಸೂರ್ಯನ ಸೆಳೆತಕ್ಕಿಂತ ಚೂರು ಬೇರೆಯಾಗಿ ಚಲಿಸಿತು. ಯಾರೋ ಮಾಡಿದ ಹಾಯಿ ಇರಬಹುದೇ ಎಂದು ಹಾರ್ವರ್ಡ್‌ನ ಖಗೋಳ ವಿಜ್ಞಾನಿ ಅವಿ ಲೋಬ್ ಕೇಳಿದ್ದು ಅದರ ಮರುವರ್ಷ.

ಡಿಸೆಂಬರಿನಲ್ಲಿ ಅಣ್ಣನ ವಿಡಿಯೊಗಳಿಗೆ ಮಗ ಗುಂಪಿನಲ್ಲೇ ಉತ್ತರ ಕೊಟ್ಟಿದ್ದ: "ಬಂದರೂ ಅವರು ಬರುವುದಿಲ್ಲ ಅಪ್ಪ, ಅವರ ಮೆಷಿನ್ ಬರುತ್ತದೆ. ಅದರಲ್ಲಿ ಯಾರೂ ಇರುವುದಿಲ್ಲ." ಅಲ್ಲೂ ಅದೇ ಮಾತು, ಯಾರೂ ಇಲ್ಲ. ನಾನು ಹೆಬ್ಬೆರಳು ಒತ್ತಿ ಸುಮ್ಮನಾಗಿದ್ದೆ. ಒತ್ತಬಾರದಿತ್ತು ಎಂದು ಈಗ ಅನಿಸುತ್ತಿದೆ.

ಭಾನುವಾರ ಬೆಳಿಗ್ಗೆ ದೊಡ್ಡಮ್ಮ ಜೇನು ಪೆಟ್ಟಿಗೆ ನೋಡಲು ಹೊರಟರು, ನಾನೂ ಹಿಂದೆ ಹೋದೆ. ರಬ್ಬರ್ ಚಿಗುರಿದ ಕಾಲ, ನಮ್ಮ ಕಡೆ ಜೇನಿನ ಸುಗ್ಗಿ. ಈಗ ಇರುವುದು ಒಂಬತ್ತು ಪೆಟ್ಟಿಗೆ. 1991–92ರ ಹೊತ್ತಿಗೆ ದಕ್ಷಿಣ ಭಾರತದ ತುಡುವೆ ಜೇನಿಗೆ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಡಿದಾಗ ಈ ಮನೆಯಲ್ಲೂ ಎಲ್ಲ ಪೆಟ್ಟಿಗೆಗಳು ಬರಿದಾಗಿದ್ದವು. ಎರಿಯೊಳಗಿನ ಮರಿಗಳು ನೀರಿನ ಚೀಲದಂತಾಗಿ ಸಾಯುತ್ತಿದ್ದವು ಎಂದು ದೊಡ್ಡಮ್ಮ ಇವತ್ತಿಗೂ ದನಿ ತಗ್ಗಿಸಿ ಹೇಳುತ್ತಾರೆ, ಮನೆಯ ಸಾವಿನ ಬಗ್ಗೆ ಹೇಳುವ ಹಾಗೆ. ಆಮೇಲೆ ಕಾಡಿನಿಂದ ಒಂದೊಂದೇ ಕುಟುಂಬ ಹಿಡಿದು ತಂದು ಕೂರಿಸಿದ್ದು.

ಕುಟುಂಬ ಎಂಬುದು ನನ್ನ ಮಾತಲ್ಲ, ಜೇನು ಸಾಕುವವರೆಲ್ಲ ಹೇಳುವುದೇ ಹಾಗೆ. ಸಾವಿರಾರು ನೊಣ, ಒಂದು ರಾಣಿ, ಎಲ್ಲ ಸೇರಿ ಒಂದು ಕುಟುಂಬ.

"ಕೊಟ್ಟಿಗೆ ಹಿಂದಿನದ್ದು ಸಾಧು, ಹೊಗೆಯೂ ಬೇಡ. ಬಾವಿಕಟ್ಟೆಯದ್ದು ಸಿಡುಕು. ನೀನು ದೂರ ನಿಲ್ಲು."

ನಾನು ದೂರ ನಿಲ್ಲಲಿಲ್ಲ. ಅವರು ತೆಂಗಿನ ನಾರಿನ ಹೊಗೆ ಕೊಟ್ಟು ಮುಚ್ಚಳ ಎತ್ತಿ, ಒಂದು ಚೌಕಟ್ಟನ್ನು ಎರಡು ಕೈಯಲ್ಲಿ ಹಿಡಿದು ಬೆಳಕಿಗೆ ಒಡ್ಡಿದರು. ಎರಿಯ ಮೇಲೆ ನೊಣಗಳು ಒಂದರ ಬೆನ್ನ ಮೇಲೆ ಒಂದು ಹರಿದಾಡುತ್ತಿದ್ದವು. ಯಾವುದೂ ಇನ್ನೊಂದಕ್ಕಿಂತ ಬೇರೆಯಾಗಿ ಕಾಣಲಿಲ್ಲ. ಒಂದರ ಮೇಲೆ ಕಣ್ಣಿಟ್ಟು ಹಿಂಬಾಲಿಸಲು ನೋಡಿದೆ, ಎರಡು ಕ್ಷಣದಲ್ಲಿ ಕಳೆದುಹೋಯಿತು. ಅಷ್ಟರಲ್ಲಿ ರೆಪ್ಪೆಗೆ ಬಂದು ಕಚ್ಚಿದ್ದು ಅದೇಯೋ, ಬೇರೆಯೋ. ಮುಳ್ಳು ಚರ್ಮದಲ್ಲೇ ಉಳಿಯಿತು. ದೊಡ್ಡಮ್ಮ ಉಗುರಿನಿಂದ ಕೆರೆದು ತೆಗೆದು, ಅಂಗೈಯಲ್ಲಿ ಹಿಡಿದು ತೋರಿಸಿದರು. ನೊಣ ಬಿಟ್ಟುಹೋದ ಮೇಲೂ ವಿಷದ ಚೀಲ ಮಿಡಿಯುತ್ತಿತ್ತು, ಯಾರ ಅಪ್ಪಣೆಯೂ ಇಲ್ಲದೆ, ತನ್ನ ಕೆಲಸ ತಾನು ಮಾಡುತ್ತ. ಯಂತ್ರ ಎಂದರೆ ಇದಕ್ಕಿಂತ ಯಂತ್ರ ಇನ್ನೇನಿದೆ? ನಾನು ಹಾಗೆ ಅಂದುಕೊಳ್ಳುತ್ತಿರುವಾಗಲೇ ದೊಡ್ಡಮ್ಮ "ಪಾಪ" ಎಂದರು. ನನಗಲ್ಲ, ನೊಣಕ್ಕೆ. ಮುಳ್ಳು ಕಳೆದುಕೊಂಡದ್ದು ಇನ್ನು ಉಳಿಯುವುದಿಲ್ಲವಲ್ಲ.

ಹಿಂದಿರುಗುವಾಗ, ಕಣ್ಣಿಗೆ ಒದ್ದೆ ಬಟ್ಟೆ ಒತ್ತಿಕೊಂಡು, ಒಂದು ತರಲೆ ಪ್ರಶ್ನೆ ಹಾಕಿದೆ. ಸುಗ್ಗಿಯಲ್ಲಿ ದುಡಿಯುವ ನೊಣದ ಆಯುಸ್ಸು ಒಂದೂವರೆ ತಿಂಗಳು. ಹೋದ ವರ್ಷ ಸಿಡುಕಿದ ನೊಣಗಳಲ್ಲಿ ಒಂದೂ ಈಗ ಇಲ್ಲ. ಹಾಗಿದ್ದ ಮೇಲೆ ಬಾವಿಕಟ್ಟೆಯ ಪೆಟ್ಟಿಗೆ ಸಿಡುಕು ಎನ್ನುವುದು ಯಾರನ್ನು?

"ನೊಣ ಸತ್ತರೆ ಪೆಟ್ಟಿಗೆಯ ಗುಣ ಹೋಗುತ್ತದೆಯೇ? ರಾಣಿ ಬದಲಾದರೆ ಎರಡು ತಿಂಗಳಲ್ಲಿ ಗುಣವೂ ಬದಲಾಗುತ್ತದೆ. ಆಗ ಅದು ಬೇರೆ ಕುಟುಂಬ."

ಹೀಗೆ ಒಂದೇ ಉಸಿರಿನಲ್ಲಿ ಹೇಳಿ ಒಲೆಯ ಕಡೆ ಹೋದರು. ನಾನು ಜಗಲಿಯಲ್ಲಿ ಕುಳಿತು ಒಂಟಿಗಣ್ಣಿನಲ್ಲಿ ಯೋಚಿಸಿದೆ. ಬೇರೆ ಲೋಕದವರು ಇದ್ದರೆ, ಅವರಲ್ಲಿ ಒಬ್ಬೊಬ್ಬರಿಗೂ ನಾನು ಎಂಬುದು ಇರುತ್ತದೆಯೋ ಅಥವಾ ಎಲ್ಲರೂ ಒಂದೇ ಯಂತ್ರದ ಹಲ್ಲುಗಳೋ ಎಂದು ನಾವು ಕೇಳುತ್ತೇವೆ. ಇದ್ದರೆ ಬಿಡಿಯಲ್ಲಿ ಇರಬೇಕು, ಇಲ್ಲದಿದ್ದರೆ ಇಲ್ಲವೇ ಇಲ್ಲ ಎಂಬಂತೆ. ಹಿತ್ತಿಲಿನಲ್ಲಿ ಒಂಬತ್ತು ಪೆಟ್ಟಿಗೆ ಇಟ್ಟುಕೊಂಡವರಿಗೆ ಈ ತೊಡಕೇ ಇಲ್ಲ. ಬಿಡಿ ನೊಣಕ್ಕೆ ಒಂದು ಪಾಪ, ಇಡೀ ಪೆಟ್ಟಿಗೆಗೆ ಒಂದು ಸ್ವಭಾವ, ಎರಡೂ ಅವರ ಲೆಕ್ಕದಲ್ಲಿ ಸೇರಿವೆ.

ಬೆಂಗಳೂರಿನ ಬಸ್ಸಿನಲ್ಲಿ ನಿದ್ದೆ ಬರಲಿಲ್ಲ. ನಾವೇ ಕಳಿಸಿದ ಯಂತ್ರಗಳನ್ನು ನೆನೆಸಿಕೊಂಡೆ. ನಾಸಾದ ಎರಡು ವಾಯೇಜರ್ ನೌಕೆಗಳು 1977ರ ಆಗಸ್ಟ್ ಮತ್ತು ಸೆಪ್ಟೆಂಬರಿನಲ್ಲಿ ಹೊರಟವು. ಒಂದೇ ನಕ್ಷೆಯಲ್ಲಿ ಮಾಡಿದ ಅವಳಿಗಳು. ಹೊರಡುವಾಗ ಅದಲುಬದಲು ಮಾಡಿದ್ದರೂ ಯಾರಿಗೂ ತಿಳಿಯುತ್ತಿರಲಿಲ್ಲ. ಈಗ ಹಾಗಲ್ಲ. ವಾಯೇಜರ್ 2ರ ಮುಖ್ಯ ರಿಸೀವರ್ 1978ರ ಏಪ್ರಿಲ್‌ನಲ್ಲೇ ಸತ್ತಿತು. ಬದಲಿಗೆ ಇದ್ದದ್ದರಲ್ಲಿ ಒಂದು ಕೆಪಾಸಿಟರ್ ಕೆಟ್ಟು, ಭೂಮಿಯ ದನಿ ಅತ್ತಿತ್ತ ಸರಿದರೆ ಅದನ್ನು ಹಿಂಬಾಲಿಸುವ ಶಕ್ತಿ ಹೋಯಿತು. ಅಂದಿನಿಂದ ಅದಕ್ಕೆ ಕೇಳುವುದು ರೇಡಿಯೊ ತರಂಗಗಳ ಬಹಳ ಕಿರಿದಾದ ಒಂದು ಪಟ್ಟಿಯಷ್ಟೇ, ಒಳಗಿನ ಶಾಖ ಚೂರು ಏರುಪೇರಾದರೆ ಆ ಪಟ್ಟಿಯೂ ಜರುಗುತ್ತದೆ. ಈ ಹೊತ್ತು ಅದರ ಕಿವಿ ಎಲ್ಲಿದೆ ಎಂದು ಲೆಕ್ಕ ಹಾಕಿ, ಅಲ್ಲಿಗೇ ಮಾತಾಡಬೇಕು. ಯುರೇನಸ್ಸನ್ನೂ ನೆಪ್ಚೂನನ್ನೂ ಅದು ನೋಡಿ ಬಂದದ್ದು ಹೀಗೆ ಅರೆಕಿವುಡಿನಲ್ಲೇ.

ನಮ್ಮ ದೊಡ್ಡಪ್ಪನೂ ಕೊನೆಯ ವರ್ಷಗಳಲ್ಲಿ ಹಾಗೆಯೇ ಆಗಿದ್ದರು. ಮಕ್ಕಳು ಎಷ್ಟು ಅರಚಿದರೂ ಕೇಳದು. ದೊಡ್ಡಮ್ಮ ಮಾತ್ರ ಬಾಗಿಲ ಹತ್ತಿರ ನಿಂತು, ಕೂಗೂ ಅಲ್ಲದ ಮಾತೂ ಅಲ್ಲದ ಒಂದು ಶ್ರುತಿಯಲ್ಲಿ "ಊಟಕ್ಕೆ" ಎಂದರೆ ಎದ್ದು ಬರುತ್ತಿದ್ದರು. ಚಳಿಗಾಲಕ್ಕೆ ಬೇರೆ ಶ್ರುತಿ, ಮಳೆಗಾಲಕ್ಕೆ ಬೇರೆ.

2023ರ ಜುಲೈನಲ್ಲಿ ತಪ್ಪು ಆದೇಶವೊಂದು ಹೋಗಿ ವಾಯೇಜರ್ 2ರ ಆಂಟೆನಾ ಭೂಮಿಯಿಂದ 2 ಡಿಗ್ರಿ ಆಚೆ ಮುಖ ತಿರುಗಿಸಿತು. ಕ್ಯಾನ್‌ಬೆರಾದ ದೊಡ್ಡ ಆಂಟೆನಾದಿಂದ ಗಟ್ಟಿಯಾಗಿ ಕೂಗಿದರು. ಕೇಳಿಸಿತೋ ಇಲ್ಲವೋ ಎಂದು ತಿಳಿಯಲು 37 ಗಂಟೆ ಕಾಯಬೇಕಾಯಿತು. ಕೇಳಿಸಿತ್ತು. ಅದೇ ವರ್ಷ ನವೆಂಬರಿನಲ್ಲಿ ಅತ್ತ ವಾಯೇಜರ್ 1 ಬಡಬಡಿಸತೊಡಗಿತು, ಸೊನ್ನೆ ಒಂದುಗಳ ಒಂದೇ ಪಾಠ, ಅರ್ಥವಿಲ್ಲದೆ, ಮತ್ತೆ ಮತ್ತೆ. ನೆನಪಿನ ಒಂದು ಚಿಪ್ ಕೆಟ್ಟಿತ್ತು. ಉಳಿದ ನೆನಪಿನಲ್ಲಿ ಅಲ್ಲಿಷ್ಟು ಇಲ್ಲಿಷ್ಟು ಜಾಗ ಮಾಡಿ ಕಳೆದುಹೋದದ್ದನ್ನು ತುಂಬಿಸಿದ ಮೇಲೆ, 2024ರ ಏಪ್ರಿಲ್‌ನಲ್ಲಿ ಅದು ಪುನಃ ಅರ್ಥವಾಗುವಂತೆ ಮಾತಾಡಿತು. ಅವಳಿಗಳು ಈಗ ಅವಳಿಗಳಲ್ಲ. ಒಂದಕ್ಕೆ ಕಿವಿಯ ತೊಂದರೆ, ಇನ್ನೊಂದಕ್ಕೆ ಮರೆವು. ಇವರಿಬ್ಬರನ್ನು ಅದಲುಬದಲು ಮಾಡಲು ಇನ್ನು ಸಾಧ್ಯವಿಲ್ಲ. ನಮ್ಮ ಹುಡುಗ ಇದನ್ನು ಬರೀ ಬಿಡಿಭಾಗಗಳ ಸವೆತ ಎಂದಾನು. ಸರಿ, ದೊಡ್ಡಪ್ಪನದೂ ಬಿಡಿಭಾಗಗಳ ಸವೆತವೇ ಆಗಿತ್ತು.

ಆ ಅಟ್ಲಾಸ್ ಬಂದದ್ದು ಸೆಕೆಂಡಿಗೆ ಸುಮಾರು 58 ಕಿಲೋಮೀಟರ್ ವೇಗದಲ್ಲಿ. ಆ ವೇಗದಲ್ಲಿ ನಮಗೆ ತೀರಾ ಹತ್ತಿರದ ನಕ್ಷತ್ರದಿಂದ ಹೊರಟರೂ ಇಲ್ಲಿಗೆ ಬರಲು 20 ಸಾವಿರ ವರ್ಷಕ್ಕೆ ಮೇಲಾಗುತ್ತದೆ. ಅಷ್ಟು ಕಾಲ ದಾರಿಯಲ್ಲಿರುವ ಯಂತ್ರ ಕಾರ್ಖಾನೆಯಿಂದ ಹೊರಬಿದ್ದ ಹಾಗೆ ಉಳಿದೀತೇ? ತನ್ನನ್ನು ತಾನೇ ದುರಸ್ತಿ ಮಾಡಿಕೊಳ್ಳದೆ ಅಷ್ಟು ದೂರ ಬರಲಾರದು. ಪ್ರತಿ ದುರಸ್ತಿಯಲ್ಲೂ ಒಂದಿಷ್ಟು ತೇಪೆ, ಒಂದಿಷ್ಟು ಸೊಟ್ಟ. ಜೊತೆಗೆ ಹೊರಟ ಹತ್ತರಲ್ಲಿ ಒಂದು ಸಿಡುಕು, ಒಂದು ಸಾಧು ಆಗಿ ತಲುಪಬಹುದು. ಮಾಡಿದವರು ಯಾರೆಂಬುದು ಆ ಹೊತ್ತಿಗೆ ಅವಕ್ಕೇ ನೆನಪಿರುತ್ತದೆಯೋ ಇಲ್ಲವೋ.

ಇನ್ನು ನಮ್ಮ ಬಗ್ಗೆ ಅವರು ಏನೆಂದುಕೊಳ್ಳುತ್ತಾರೋ. ಈ ಯೋಚನೆ ಬಂದದ್ದು ಹಾಸನ ದಾಟಿದ ಮೇಲೆ. ವಾಯೇಜರ್‌ನ ಚಿನ್ನದ ತಟ್ಟೆಯಲ್ಲಿ ಬೇರೆ ಲೋಕದವರಿಗೆಂದು ಮುದ್ರಿಸಿಟ್ಟ 55 ಭಾಷೆಗಳ ಶುಭಾಶಯಗಳಿವೆ, ಕನ್ನಡವೂ ಇದೆ: "ನಮಸ್ತೆ, ಕನ್ನಡಿಗರ ಪರವಾಗಿ ಶುಭಾಶಯಗಳು." ಎಷ್ಟೋ ಸಲ ಕೇಳಿ ಹೆಮ್ಮೆಪಟ್ಟಿದ್ದೇನೆ. ಈ ಸಲ ಬೇರೆಯೇ ಕೇಳಿಸಿತು. ಮಾತಾಡಿದವರ ಹೆಸರಿಲ್ಲ, ಊರಿಲ್ಲ, ನಾನು ಎಂಬುದೇ ಇಲ್ಲ. ಒಂದು ಬಾಯಿ, ಕೋಟಿಗಟ್ಟಲೆ ಜನರ ಪರವಾಗಿ. ಕೇಳಿದವರು ಇವು ಜೇನಿನ ಜಾತಿಯವು, ಬಿಡಿಬಿಡಿಯಾಗಿ ಇವಕ್ಕೆ ಏನೂ ಇಲ್ಲ ಎಂದು ಬರೆದುಕೊಂಡರೆ ಅವರನ್ನು ದೂರುವಂತಿಲ್ಲ. ಅದೇ ತಟ್ಟೆಯಲ್ಲಿ ಸ್ವೀಡಿಷ್ ಮಾತಾಡಿದವರು ಮಾತ್ರ ತಾನು ಇಥಾಕಾ ಎಂಬ ವಿಶ್ವವಿದ್ಯಾಲಯದ ಸಣ್ಣ ಊರಿನ ಕಂಪ್ಯೂಟರ್ ಪ್ರೋಗ್ರಾಮರ್ ಎಂದು ಗುರುತು ಹೇಳಿಕೊಂಡಿದ್ದಾರೆ. ಚೀನಾದ ಆಮೊಯ್ ನುಡಿಯವರು ಬಾಹ್ಯಾಕಾಶದ ಗೆಳೆಯರಿಗೆ ಊಟ ಆಯಿತೇ, ಬಿಡುವಾದಾಗ ಬನ್ನಿ ಎಂದಿದ್ದಾರೆ. ನಮ್ಮ ದೊಡ್ಡಮ್ಮನನ್ನು ಮೈಕಿನ ಮುಂದೆ ಕೂರಿಸಿದ್ದರೂ ಊಟದ ಮಾತೇ ಬರುತ್ತಿತ್ತು. ಅದಕ್ಕೂ ಮೊದಲು, ಒಳಗೆ ಯಾರಿದ್ದೀರಿ ಎಂದು ಕೇಳಿರುತ್ತಿದ್ದರು. ಏನಿದೆ ಎಂದಲ್ಲ, ಯಾರಿದ್ದೀರಿ ಎಂದು.

ನಿನ್ನೆ ಫೋನ್ ಮಾಡಿದೆ. ಕಣ್ಣು ಹೇಗಿದೆ ಎಂದು ಕೇಳಿದರು. ಬಾವಿಕಟ್ಟೆಯ ಪೆಟ್ಟಿಗೆಯಿಂದ ಮೂರು ಬಾಟಲಿ ಸಿಕ್ಕಿತು, ಒಂದು ನಿನಗೆ ಎಂದರು. ಅಡಿಕೆ ಸುಲಿಯುವವರು ಬರಲಿಲ್ಲ ಎಂದರು. ಇಡುತ್ತೇನೆ ಎನ್ನುವಷ್ಟರಲ್ಲಿ ನೆನಪಾಯಿತು ಅವರಿಗೆ.

"ಅವತ್ತು ಆ ದೀಪಗಳಲ್ಲಿ ಕೊನೆಯದು ಸ್ವಲ್ಪ ಹಿಂದೆ ಬಿದ್ದಿತ್ತು. ಸೇರಿಕೊಂಡಿತೇ?"

ನನ್ನ ಇಪ್ಪತ್ತೊಂದಕ್ಕೂ ಹುಡುಗನ ಇಪ್ಪತ್ತೆರಡಕ್ಕೂ ನಡುವಿನ ವ್ಯತ್ಯಾಸ ಅದೇ ಇರಬೇಕು. ನಾನು ಅದನ್ನು ನೋಡಿಯೇ ಇರಲಿಲ್ಲ.

"ಸೇರಿಕೊಂಡಿರಬೇಕು ದೊಡ್ಡಮ್ಮ."

"ಇರಬೇಕು ಎಂದರೆ? ಪುಟ್ಟನ ಹತ್ತಿರ ವಿಚಾರಿಸಿ ಹೇಳು" ಎಂದು ಫೋನ್ ಇಟ್ಟರು.