ಮಲ್ಪೆ ಎದುರಿನ ಆರು ಮೂಲೆಯ ಕಲ್ಲು

ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರೆಲ್ಲ ಆ ಕಲ್ಲಿನ ಕಂಬಗಳ ಮುಂದೆ ಸೆಲ್ಫಿ ತೆಗೀತಾರೆ, ಮೂಲೆ ಎಣಿಸೋರು ಕಡಿಮೆ. ಎಣಿಸಿ ನೋಡಿ: ಹೆಚ್ಚಿನವಕ್ಕೆ ಐದು ಇಲ್ಲವೇ ಆರು, ಅಲ್ಲೊಂದು ಇಲ್ಲೊಂದಕ್ಕೆ ಏಳು. ಗಟ್ಟಿಯಾದ ಲಾವಾ ತಣಿಯುತ್ತಾ ಹೋದಂತೆ ಕುಗ್ಗುತ್ತೆ, ಬತ್ತಿದ ಕೆರೆಯ ಮಣ್ಣಿನ ಹಾಗೆ ಬಿರುಕು ಬಿಡುತ್ತೆ. ಮೂರು ಬಿರುಕು 120 ಡಿಗ್ರಿಯಲ್ಲಿ ಕೂಡಿದರೆ ಎಳೆತ ಚೆನ್ನಾಗಿ ಸಡಿಲವಾಗುತ್ತೆ, ಅದಕ್ಕೇ ಷಟ್ಕೋನ. ತಣ್ಣಗಾದ ಮೇಲ್ಮೈಯಿಂದ ಬಿರುಕು ನೇರ ಒಳಗಿಳಿದಾಗ ಕಂಬ. ತಣಿಯೋದು ಒಂದೇ ಸಮ ಇರದಿದ್ದರೆ ಲೆಕ್ಕ ತಪ್ಪುತ್ತೆ: ಕಂಬ ಓರೆ, ಮೂಲೆ ಐದೋ ಏಳೋ.

ಇದನ್ನ ಬಸಾಲ್ಟ್, ಅಂದರೆ ಲಾವಾ ಗಟ್ಟಿಯಾದ ಕಪ್ಪು ಕಲ್ಲು, ಅನ್ನೋದು ರೂಢಿ. ಆದರೆ ಬಸಾಲ್ಟ್‌ನಲ್ಲಿ ಸಿಲಿಕಾ (ಮರಳಿನಲ್ಲಿರೋ ಅಂಶ) ಶೇ. 50ರ ಆಸುಪಾಸು, ಇದರಲ್ಲಿ 65 ದಾಟುತ್ತೆ. ಇದು ರಯೋಲೈಟ್-ಡೇಸೈಟ್ ಜಾತಿ, ಸಿಲಿಕಾ ಹೆಚ್ಚಿರೋ ಲಾವಾ ಕಲ್ಲು. ಮಹಾರಾಷ್ಟ್ರದ ಸುತ್ತ ಹರಡಿರೋ ಲಾವಾ ಹಾಸು ಡೆಕ್ಕನ್ ಟ್ರ್ಯಾಪ್ ಜೊತೆಗೂ ಸೇರಿಸಬೇಡಿ; ಅದು ಸುಮಾರು 6.6 ಕೋಟಿ ವರ್ಷ ಹಳೇದು, ಇದು ಹತ್ತಿರ ಹತ್ತಿರ 8.8 ಕೋಟಿ. ಮಡಗಾಸ್ಕರ್ ನಮ್ಮ ಪಡುವಣ ಅಂಚಿನಿಂದ ಕಳಚಿಕೊಳ್ಳುವ ಹೊತ್ತಿಗೆ ಉಕ್ಕಿದ್ದು. ಅದೇ ಕಾಲದ ಜ್ವಾಲಾಮುಖಿ ಕಲ್ಲು ಅಲ್ಲೂ ಇದೆ.

ಅಂಟಿಕೊಂಡಿದ್ದ ನೆಲ ಈಗ ಸುಮಾರು 4,000 ಕಿ.ಮೀ. ಆಚೆ. ವಾಪಸ್ ದೋಣಿ ಬರೋವರೆಗೆ ಜನ ಕಾಲು ಇಳಿಬಿಟ್ಟು ಕೂರೋದು ಆ ಹರಿದ ಅಂಚಿನ ಮೇಲೇ.